ಮರಳು ಯಾವ ಪಟ್ಟಿಗೆ ಸೇರುತ್ತದೆ?

ಎಂಟನೇ ತರಗತಿಗೆ ನೈಸರ್ಗಿಕ ಸಂಪನ್ಮೂಲಗಳ ಪಾಠ ಮಾಡುವುದು ಬಹಳ ಸುಲಭ ಎಂದು ನಾನು ಎಷ್ಟೋ ವರ್ಷ ನಂಬಿದ್ದೆ. ಬೋರ್ಡಿನ ನಡುವೆ ಮೇಲಿಂದ ಕೆಳಕ್ಕೆ ಒಂದು ಗೆರೆ. ಎಡಗಡೆ ಬರಿದಾಗದವು: ಬಿಸಿಲು, ಗಾಳಿ. ಬಲಗಡೆ ಬರಿದಾಗುವವು: ಕಲ್ಲಿದ್ದಲು, ಪೆಟ್ರೋಲಿಯಂ, ಕಾಡು. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುತ್ತದೆ, ಮುಗಿಯಿತು. ನನ್ನ ತರಗತಿಯಲ್ಲಿ ಕಲ್ಲಿದ್ದಲನ್ನು ಕಣ್ಣಾರೆ ಕಂಡವರು ಒಬ್ಬರೂ ಇರಲಿಲ್ಲ. ಇಸ್ತ್ರಿ ಗಾಡಿಯ ಇದ್ದಿಲನ್ನೇ ಕಲ್ಲಿದ್ದಲು ಎಂದುಕೊಂಡವರು ಹೆಚ್ಚು. ನಾನೂ ತಿದ್ದಲು ಹೋಗುತ್ತಿರಲಿಲ್ಲ.

ಆಗ ನಂಜನಗೂಡು ತಾಲ್ಲೂಕಿನ ಶಾಲೆಯಲ್ಲಿದ್ದೆ. ಒಂದು ದಿನ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಸಾ, ರಸಬಾಳೆ ಯಾವ ಕಡೆಗೆ?" ಅಂದಳು. ಬಾಳೆಗೇನು, ಬುಡದಲ್ಲಿ ಕಂದು ಬರುತ್ತಲೇ ಇರುತ್ತದೆ, ಮತ್ತೆ ಮತ್ತೆ ಬೆಳೆಯಬಹುದು ಎಂದು ಎಡಗಡೆ ಬರೆದೆ. ಅವಳು ಕೂರಲಿಲ್ಲ. "ನಮ್ ತಾತ ಹಾಕದೇ ಬುಟ್ಬುಡ್ತು ಸಾ. ಮಣ್ಗೇ ಕಾಯಿಲೆ ಹಿಡ್ದದ ಅಂತದ."

ಅವಳ ತಾತನ ಮಾತೇ ಸರಿ. ಪನಾಮ ಸೊರಗು ರೋಗ ತರುವ ಶಿಲೀಂಧ್ರ ಮಣ್ಣಿನಲ್ಲಿ ಹತ್ತಾರು ವರ್ಷ ಬದುಕಿರಬಲ್ಲದು. ರೋಗ ತಗುಲಿದ ತೋಟದಿಂದ ಕಂದು ಕಿತ್ತು ಪಕ್ಕದ ಹೊಲಕ್ಕೆ ಕೊಟ್ಟರೆ, ಬೇರಿಗೆ ಅಂಟಿದ ಮಣ್ಣಿನ ಜೊತೆ ರೋಗವೂ ಹೋಗುತ್ತದೆ. ನಂಟರಿಗೆ ಪ್ರೀತಿಯಿಂದ ಕೊಟ್ಟ ಕಂದುಗಳೇ ದೇವರಸನಹಳ್ಳಿ ಸುತ್ತಿನ ಎಷ್ಟು ತೋಟಗಳಿಗೆ ರೋಗ ಹೊತ್ತಿರಬಹುದೋ. 2005–06ರಲ್ಲಿ ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ದಕ್ಕಿದಾಗ ಹೆಸರು ಉಳಿದಿತ್ತು, ತೋಟಗಳು ಬಹುಪಾಲು ಹೋಗಿದ್ದವು. ತರಗತಿಯಲ್ಲಿ ಆ ಹಣ್ಣು ತಿಂದವರು ಎಷ್ಟು ಜನ ಎಂದು ಕೇಳಿದೆ. ಮೂರು ಕೈ ಎದ್ದವು. ಅದರಲ್ಲಿ ಒಂದು ಕೈ ಪಕ್ಕದವನನ್ನು ನೋಡಿ ಎದ್ದದ್ದು. ಬೋರ್ಡಿನಲ್ಲಿ ರಸಬಾಳೆಯನ್ನು ಒರೆಸಿದೆನಾದರೂ ಎಲ್ಲಿ ಬರೆಯಬೇಕೆಂದು ತೋಚದೆ ಗೆರೆಯ ಮೇಲೆಯೇ ಬರೆದೆ.

2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿದಳು. ಕಬಿನಿ ಜಲಾಶಯದಿಂದ ಒಂದು ಲಕ್ಷ ಕ್ಯೂಸೆಕ್‌ಗೂ ಮೀರಿ ನೀರು ಬಿಟ್ಟರು. ಮಲ್ಲನಮೂಲೆ ಮಠದ ಬಳಿ ಮೈಸೂರು ರಸ್ತೆ ಮುಳುಗಿತು. ರಜೆ ಮುಗಿಸಿ ಬಂದ ಮಕ್ಕಳಿಗೆ ನಾನು ಹೇಳಬೇಕಾಗಿದ್ದ ಪಾಠ 'ನೀರು ಅಮೂಲ್ಯ, ಮಿತವಾಗಿ ಬಳಸಿ'. ಗೋಡೆಯಲ್ಲಿ ನೀರಿನ ಗುರುತು ಇನ್ನೂ ಒಣಗದ ಮನೆಗಳಿಂದ ಬಂದಿದ್ದ ಮಕ್ಕಳು ಅವರು. ನನಗೇ ನಾಚಿಕೆಯಾಗಿ, ಪುಸ್ತಕ ಮುಚ್ಚಿ ಲೆಕ್ಕ ಕೊಟ್ಟೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಶಾಲೆಯ ಮೇಲಿನ ಕಪ್ಪು ಟ್ಯಾಂಕು 1,000 ಲೀಟರಿನದು. ಹಾಗಾದರೆ ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ 2,800 ಟ್ಯಾಂಕು. ಕಬಿನಿಯ ಸಾಮರ್ಥ್ಯ 19.52 ಟಿಎಂಸಿ, ಅದೇ ವೇಗದಲ್ಲಿ ಹರಿದರೆ ತುಂಬಿದ ಜಲಾಶಯ ಎರಡೂಕಾಲು ದಿನದಲ್ಲಿ ಖಾಲಿ. ಮಕ್ಕಳು ಬಾಯಿ ಬಿಟ್ಟುಕೊಂಡು ಕೂತರು. ಆಮೇಲೆ ಒಬ್ಬ ಕೇಳಿದ: "ಮತ್ತ ಯುಗಾದಿ ಟೈಮಲ್ಲಿ ನಮ್ ಬೀದಿ ನಲ್ಲೀಲಿ ಯಾಕ ಸಾ ನೀರು ಬರಲ್ಲ?" ಆ ಪ್ರಶ್ನೆಗೆ ಉತ್ತರ ಹೇಳಲು ಎರಡು ಪೀರಿಯಡ್ ಬೇಕಾಯಿತು. ಪೂರ್ತಿ ಹೇಳಿದೆ ಎಂದು ಈಗಲೂ ಅನ್ನಿಸುವುದಿಲ್ಲ.

ಆಮೇಲೆ ತಿ. ನರಸೀಪುರ ತಾಲ್ಲೂಕಿಗೆ ವರ್ಗವಾಯಿತು. ಕಪಿಲೆಯ ಜೊತೆಗೇ ನಾನೂ ಕೆಳಕ್ಕೆ ಹರಿದು ಬಂದಂತೆ. ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಬಳಿ ಅವಳು ಕಾವೇರಿಗೆ ಸೇರುತ್ತಾಳೆ. 1989ರಿಂದ ಕುಂಭಮೇಳ ನಡೆಯುವುದು ಆ ಸಂಗಮದಲ್ಲೇ. ನನ್ನ ಶಾಲೆ ಅಲ್ಲಿಂದ ತುಸು ದೂರದ ಹೊಳೆದಂಡೆ ಊರಿನಲ್ಲಿ. ಹೊಸ ಜಾಗ, ಹೊಸ ಹುರುಪು. ಸ್ಥಳೀಯ ಉದಾಹರಣೆ ಕೊಡಬೇಕು ಎಂದು ನಂಜನಗೂಡಿನಲ್ಲಿ ಕಲಿತಿದ್ದೆನಲ್ಲ, ಅದನ್ನೇ ಇಲ್ಲಿಯೂ ಮಾಡಹೊರಟು ಮರಳನ್ನು ಹಿಡಿದೆ.

ಅಂದು ಚೆನ್ನಾಗಿಯೇ ಪಾಠ ಮಾಡಿದೆ. ಹೊಳೆಯ ಮರಳು ಬರೀ ಮರಳಲ್ಲ, ಅದು ನೀರು ಹಿಡಿದಿಟ್ಟು ದಂಡೆಯ ಬಾವಿಗಳಿಗೆ ಕೊಡುತ್ತದೆ ಎಂದೆ. ಮೇಲೆ ಕನ್ನಂಬಾಡಿ ಕಟ್ಟೆ, ಇತ್ತ 1974ರಿಂದ ಕಬಿನಿ ಅಣೆಕಟ್ಟು. ಹರಿದು ಬರುವ ಮರಳಿನಲ್ಲಿ ಬಹುಪಾಲು ಅವುಗಳ ಹಿಂದೆಯೇ ನಿಲ್ಲುತ್ತದೆ, ಆದ್ದರಿಂದ ಇಲ್ಲಿ ತೆಗೆದಷ್ಟು ಮತ್ತೆ ತುಂಬುವುದಿಲ್ಲ ಎಂದೆ. ಮಾತಿನ ಭರದಲ್ಲಿ, "ರಾತ್ರಿ ಹೊತ್ತು ಹೊಳೆಗೆ ಇಳಿದು ಮರಳು ಹೊಡೆಯುವವರು ಕಳ್ಳರು. ನಿಮ್ಮ ಪಾಲನ್ನೇ ಕದಿಯುತ್ತಿದ್ದಾರೆ" ಎಂದೂ ಅಂದೆ. ಮಕ್ಕಳೆಲ್ಲ ಒಮ್ಮೆಗೇ ತಿರುಗಿ ಕಿಟಕಿ ಪಕ್ಕದ ಹುಡುಗನನ್ನು ನೋಡಿದರು. ಅವನು ಜಾಮಿಟ್ರಿ ಬಾಕ್ಸ್ ತೆಗೆದು ಏನೋ ಹುಡುಕತೊಡಗಿದ. ಆ ಬಾಕ್ಸಿನಲ್ಲಿ ಒಂದು ಪೆನ್ಸಿಲ್ ಬಿಟ್ಟರೆ ಬೇರೇನೂ ಇರಲಿಲ್ಲ.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ಐದನೇ ದಿನ ಸಂಜೆ ಅವನ ಮನೆ ಹುಡುಕಿಕೊಂಡು ಹೋದೆ. ಅವನ ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಅಪ್ಪ ಒಳಗೆ ಮಲಗಿದ್ದವರು ಎದ್ದು ಬಂದು, ಮುಖ ತೊಳೆದು, ನನಗೆ ಚಾಪೆ ಹಾಸಿ ತಾವು ಹೊಸಿಲ ಮೇಲೆ ಕೂತರು. ನಾನು ಬಾಯಿ ತೆಗೆಯುವ ಮೊದಲೇ ಅಂದರು:

"ನೀವು ಹೇಳಿದ್ರಲ್ಲಿ ತಪ್ಪೇನಿಲ್ಲ ಮೇಷ್ಟ್ರೇ. ಆದ್ರ ಮಗಿನ ಮುಂದ ಅನ್ಬಾರ್ದಿತ್ತು."

ಟೀ ಬಂತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಟ್ರ್ಯಾಕ್ಟರು ಬೇರೆಯವರದು, ತುಂಬುವ ಕೂಲಿ ಮಾತ್ರ ತಮ್ಮದು, ಲೋಡಿಗೆ ಇಷ್ಟು ಎಂದು ಕೊಡುತ್ತಾರೆ, ಗದ್ದೆ ಕೆಲಸ ವರ್ಷದಲ್ಲಿ ನಾಲ್ಕು ತಿಂಗಳೂ ಸಿಗುವುದಿಲ್ಲ ಎಂದರು. ದೂರಿನ ದನಿಯಲ್ಲಿ ಹೇಳಲಿಲ್ಲ. ಆಮೇಲೆ, ನಿಜಕ್ಕೂ ತಿಳಿದುಕೊಳ್ಳುವ ಕುತೂಹಲದಿಂದ ಎಂಬಂತೆ ಕೇಳಿದರು: "ನಿಮ್ಮನೆ ಯಾವ ಮರಳಲ್ಲಿ ಕಟ್ಟಿರದು?"

ಮೈಸೂರಿನಲ್ಲಿ ನನ್ನ ಮನೆ ಕಟ್ಟಿಸುವಾಗ ಮೇಸ್ತ್ರಿ ಯಾವುದೋ ಕೆರೆ ಮರಳು ತರಿಸಿದ್ದ. ನಾನು ಅಂಗೈಯಲ್ಲಿ ಉಜ್ಜಿ ನೋಡಿ, ಮಣ್ಣು ಅಂಟಿತೆಂದು ವಾಪಸು ಕಳಿಸಿದ್ದೆ. ಹೊಳೆ ಮರಳೇ ಬೇಕು ಎಂದು ಹಠ ಹಿಡಿದಿದ್ದೆ. ಒಂದು ಬೆಳಗಿನ ಜಾವ ಲಾರಿ ಬಂದು ಸುರಿದು ಹೋಯಿತು. ಆ ಹೊತ್ತಿಗೇ ಯಾಕೆ ಬಂತು ಎಂದು ನಾನು ಕೇಳಿರಲಿಲ್ಲ.

"ಹೊಳೆ ಮರಳೇ" ಎಂದೆ.

ಅವರು ನಗಲಿಲ್ಲ. "ಒಳ್ಳೇದು. ಗ್ಯಾರಂಟಿ ಇರ್ತದ" ಅಂದರು.

ಹುಡುಗ ಸೋಮವಾರ ಬಂದ. ತರಗತಿಯ ಮುಂದೆ ನಿಂತು, ಕಳ್ಳರು ಎಂದದ್ದು ತಪ್ಪು, ನನ್ನ ಮನೆಯೂ ಹೊಳೆ ಮರಳಿನದೇ ಎಂದು ಹೇಳಿದೆ. ಹೇಳುವಾಗ ಗಂಟಲು ಒಣಗಿತ್ತು. ಮಕ್ಕಳಿಗೆ ಅದು ಅಷ್ಟು ದೊಡ್ಡ ವಿಷಯ ಅನ್ನಿಸಿದಂತೆ ಕಾಣಲಿಲ್ಲ. ಅವರಿಗೆ ಬೇರೆ ಪ್ರಶ್ನೆಗಳಿದ್ದವು. ತಲಕಾಡಿನಲ್ಲಿ ದೇವಸ್ಥಾನವೇ ಮುಚ್ಚಿಹೋಗುವಷ್ಟು ಮರಳಿದೆಯಲ್ಲ, ಅದನ್ನು ಯಾಕೆ ತೆಗೆಯಬಾರದು? ಅಲಮೇಲಮ್ಮನ ಶಾಪದ ಕಥೆ ಎಲ್ಲರಿಗೂ ಬಾಯಿಪಾಠ. ತಲಕಾಡಿನ ಮೇಲ್ಭಾಗದಲ್ಲಿ ಮಾಧವಮಂತ್ರಿ ಅಣೆಕಟ್ಟೆ ಎದ್ದ ಮೇಲೆ ನೀರಿಳಿದು, ಬಯಲಾದ ಮರಳನ್ನು ಗಾಳಿ ಊರಿನ ಮೇಲೆ ಹೊತ್ತು ತಂದಿತು ಎಂಬ ವಿವರಣೆಯೂ ಉಂಟು ಎಂದು ಹೇಳಿದಾಗ, ಒಬ್ಬಳು "ಹಂಗಾರ ಶಾಪ ಕೊಟ್ಟಿದ್ದು ಅಣೆಕಟ್ಟೆನಾ ಸಾ?" ಅಂದಳು. ಇನ್ನೊಬ್ಬ, "ಎಂ ಸ್ಯಾಂಡ್ ಅಂದ್ರ ಬೆಟ್ಟ ಪುಡಿ ಮಾಡದು. ಬೆಟ್ಟ ಮತ್ತೆ ಬೆಳೀತದಾ?" ಎಂದ. ಬೋರ್ಡಿನ ಗೆರೆಯ ಎರಡೂ ಕಡೆ ಜಾಗ ಸಾಲದಾಯಿತು.

ಒಂದು ಲೋಟದ ತುಂಬ ಒಣ ಮರಳು ಹಾಕಿ, ತುಳುಕುವವರೆಗೆ ನೀರು ಹೊಯ್ದು ಅಳೆಯಿರಿ ಎಂದೆ. ಲೋಟದ ಮೂರನೇ ಒಂದು ಪಾಲಿಗಿಂತ ಹೆಚ್ಚೇ ನೀರು ಹಿಡಿಯಿತು. 'ತುಂಬಿದ' ಲೋಟದೊಳಗೆ ಅಷ್ಟು ನೀರು ಹೋದದ್ದು ಅವರಿಗೆ ಮಾಯೆಯಂತೆ ಕಂಡಿತು. ಆ ಹುಡುಗ ಮಾತ್ರ ಮರಳನ್ನು ಬೆರಳಲ್ಲಿ ಉಜ್ಜಿ ಕಿವಿಯ ಹತ್ತಿರ ಹಿಡಿದ. "ಇದು ದಂಡೆದು ಸಾ, ನಡೂಗ್ಲದಲ್ಲ. ನಡೂಗ್ಲದು ಕರಕರ ಅಂತದ." ಮರಳಿನ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಅಲ್ಲಿಗೆ ಮುಗಿಯಿತು.

ಬೇಸಿಗೆ ರಜೆಗೆ ಮೊದಲು, ಹೊಳೆಯಲ್ಲಿ ಈಜಬೇಡಿ ಎಂದು ಎಲ್ಲ ಶಾಲೆಗಳಲ್ಲಿ ಹೇಳುವಂತೆ ನಾನೂ ಹೇಳಿದೆ. ಮರಳು ತೆಗೆದ ಕಡೆ ಮೊಣಕಾಲುದ್ದದ ನೀರು ಒಂದೇ ಹೆಜ್ಜೆಗೆ ಆಳುದ್ದವಾಗುತ್ತದೆ. ಮೇಲಿಂದ ನೋಡಿದರೆ ತಿಳಿಯುವುದಿಲ್ಲ. ಸಂಜೆ ಆ ಹುಡುಗ ಸ್ಟಾಫ್ ರೂಮಿಗೆ ಬಂದು ಡ್ರಾಯಿಂಗ್ ಹಾಳೆ ಕೇಳಿದ. ಎರಡು ದಿನ ಬಿಟ್ಟು ಅದರಲ್ಲಿ ಊರಿನ ಹೊಳೆಯನ್ನು ಬರೆದು ತಂದ: ಬಟ್ಟೆ ಒಗೆಯುವ ಕಲ್ಲು, ದನ ಇಳಿಯುವ ಜಾಗ, ಮಾರಮ್ಮನ ಗುಡಿ, ಅದರ ಮುಂದೆ ಕೆಂಪು ಪೆನ್ನಿನಲ್ಲಿ ಹನ್ನೊಂದು ಸುತ್ತುಗಳು. ಒಂದೊಂದರ ಪಕ್ಕ 'ಒಂದಾಳು', 'ಎರಡಾಳು' ಎಂದು ಆಳ ಬರೆದಿತ್ತು.

"ಯಾರು ಹೇಳಿದ್ರೋ ಇದನ್ನ?"

"ನಮ್ಮಪ್ಪ. ಎಲ್ಲೆಲ್ಲಿ ತಗುದ್ರು ಅಂತ ಅವ್ರಿಗೆ ಗೊತ್ತಲ್ವಾ ಸಾ."

ನಾಲ್ಕು ಪ್ರತಿ ಮಾಡಿಸಿ ನಾಲ್ಕು ತರಗತಿಗಳಿಗೆ ಅಂಟಿಸಿದೆ. ಮೇಲಿನವರೊಬ್ಬರು ಶಾಲೆ ನೋಡಲು ಬರುವ ದಿನ, ಅದನ್ನು ನೋಡಿ ಏನೇನೋ ಕೇಳಿಯಾರು ಎಂದು ತೆಗೆದೆವು. ಅವರು ಹೋದ ಮೇಲೆ ಮತ್ತೆ ಅಂಟಿಸಿದೆವು. ಅವನು ಹೈಸ್ಕೂಲಿನ ಕೊನೆಯ ವರ್ಷಕ್ಕೆ ಬಂದ ಸೆಪ್ಟೆಂಬರಿನಲ್ಲಿ, ಮಳೆ ನೀರು ಇಳಿದ ಮೇಲೆ, ಮತ್ತೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ.

"ಗುಂಡಿಗಳೆಲ್ಲ ಜಾಗ ಬದಲಾಯ್ಸವ ಸಾ. ಇನ್ನೊಂದು ಹಾಳೆ ಕೊಡಿ."