ಅಜಾನ್ ಆಯಿತಾ?

“ಅಜಾನ್ ಆಯಿತಾ?” ಎಂದು ಅಮ್ಮಿ ಕೇಳುವುದು ಅಸರ್ ನಮಾಜಿನ ಹೊತ್ತಿಗೆ ಶುರುವಾಗುತ್ತಿತ್ತು. ಆಯಿತು ಎಂದರೆ ಸುಮ್ಮನಾಗುತ್ತಿದ್ದರು. ಮಗ್ರಿಬ್ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ, ಅದೂ ಐದು ನಿಮಿಷಕ್ಕೊಮ್ಮೆ. ಅಗರದ ನಮ್ಮ ಮನೆಗೂ ಮಸೀದಿಗೂ ನಡುವೆ ನಾಲ್ಕೇ ಮನೆ, ಒಂದು ಹುಣಸೆ ಮರ. ಇಷ್ಟು ಹತ್ತಿರ ಇದ್ದುಕೊಂಡು ಆಯಿತಾ ಆಯಿತಾ ಎಂದು ಕೇಳುವವರನ್ನು ಏನೆಂದು ತಿಳಿಯುವುದು? ನಾವು ಮೂವರು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕನ್ನಡದಲ್ಲಿ ಅರವತ್ತಕ್ಕೆ ಅರಳು ಮರಳು ಎನ್ನುತ್ತಾರೆ. ನಮ್ಮ ಮನೆಮಾತಿನಲ್ಲಿ ‘ಸಠಿಯಾ ಗಯೇ’ ಎನ್ನುತ್ತಾರೆ. ಅದರ ಒಳಗೂ ಸಾಠ್, ಅಂದರೆ ಅರವತ್ತೇ ಕೂತಿದೆ. ಎಷ್ಟೋ ವಿಷಯದಲ್ಲಿ ಜಗಳವಾಡುವ ಎರಡು ಭಾಷೆಗಳು ಮುದುಕರ ವಿಷಯಕ್ಕೆ ಬಂದಾಗ ಒಂದೇ ತೀರ್ಪು ಕೊಟ್ಟಿವೆ.

ಸಾಕ್ಷಿಗಳು ಕೂಡುತ್ತಾ ಹೋದವು. ಕುಕ್ಕರಿನ ಕೂಗು ಲೆಕ್ಕಕ್ಕೆ ಸಿಗದೆ ಒಂದೇ ತಿಂಗಳಲ್ಲಿ ಎರಡು ಸಲ ಅನ್ನ ಸೀದಿತು. ಮಾಂಬಳ್ಳಿಯ ನೆಂಟರೊಬ್ಬರು ಬಂದು ತಮ್ಮ ಭಾವ ತೀರಿಕೊಂಡ ಸುದ್ದಿ ಹೇಳಿದಾಗ ಅಮ್ಮಿ ನಗುನಗುತ್ತಾ “ಮುಬಾರಕ್” ಎಂದುಬಿಟ್ಟರು. ಬಂದವರು ಚಹಾ ಮುಟ್ಟದೆ ಎದ್ದು ಹೋದರು. ಆ ರಾತ್ರಿ ಅಗರ, ಕೊಳ್ಳೇಗಾಲ, ಬೆಂಗಳೂರುಗಳ ನಡುವೆ ನಮ್ಮ ಫೋನುಗಳು ಬಹಳ ಹೊತ್ತು ಮಾತಾಡಿದವು. ಪಟ್ಟಣದ ಒಂದು ಖಾಸಗಿ ಕ್ಲಿನಿಕ್ಕಿಗೆ ತೋರಿಸಿದೆವು. ಅಲ್ಲಿಯ ವೈದ್ಯರು ನಮ್ಮ ಮಾತನ್ನೇ ಕೇಳಿ, ಅಮ್ಮಿಯನ್ನು ಏನೂ ಕೇಳದೆ, “ವಯಸ್ಸಾಯಿತಲ್ಲ” ಎಂದು ನೆನಪಿನ ಮಾತ್ರೆ ಬರೆದುಕೊಟ್ಟರು. ನಮಗೂ ಅಷ್ಟೇ ಬೇಕಾಗಿತ್ತು. ಮುಂದಿನ ಶುಕ್ರವಾರ ಮೂವರೂ ಸೇರಿದಾಗ, ಅಮ್ಮಿಯ ಸೆರಗಿನ ತುದಿಯಲ್ಲಿ ನಲವತ್ತು ವರ್ಷದಿಂದ ಗಂಟು ಬಿದ್ದಿದ್ದ ಬೀರುವಿನ ಚಾಬಿಯನ್ನು ಬಿಚ್ಚಿಕೊಂಡೆವು. ಪಿಂಚಣಿಯ ಪಾಸ್‌ಬುಕ್ಕನ್ನೂ ತೆಗೆದುಕೊಂಡೆವು. ಇನ್ನು ಒಲೆಯ ಹತ್ತಿರ ಹೋಗಬೇಡಿ ಎಂದೆವು. ಅಮ್ಮಿ ಏನೂ ಹೇಳಲಿಲ್ಲ. ಏನೂ ಹೇಳದಿದ್ದುದರಿಂದಲೇ ನಮ್ಮ ಅನುಮಾನ ಗಟ್ಟಿಯಾಯಿತು.

ಮೂವರಲ್ಲಿ ಬರೆಯುತ್ತಿರುವವರು ಯಾರು ಎನ್ನುವುದು ಇಲ್ಲಿ ಮುಖ್ಯವಲ್ಲ, ಇದು ಕೂಡಿ ಮಾಡಿದ ಕೆಲಸ. ಮೂವರೂ ಉರ್ದು ಶಾಲೆಯಲ್ಲಿ ಅಲಿಫ್ ಬೇ ಕಲಿತು, ಆಮೇಲೆ ಕನ್ನಡ ಶಾಲೆಯ ಬೆಂಚಿನಲ್ಲಿ ಕೂತವರು. ಒಬ್ಬರಂತೂ ಕತೆ ಬರೆಯುವವರು, ಮುದುಕಿಯರ ಮೇಲೆಯೇ ನಾಲ್ಕಾರು ಕತೆ ಬರೆದು ಭೇಷ್ ಎನ್ನಿಸಿಕೊಂಡವರು. ಅವರಿಗೂ ಏನೂ ಹೊಳೆಯಲಿಲ್ಲ.

ಹೊಳೆದದ್ದು ನರ್ಸಿಂಗ್ ಓದುವ ಒಬ್ಬ ಹುಡುಗಿ ಬಂದ ಮೇಲೆ. ಅವಳ ಕಾಲೇಜಿನವರು ಹಳ್ಳಿಯ ಹಿರಿಯರ ಆರೋಗ್ಯದ ಬಗ್ಗೆ ಒಂದು ಪ್ರಶ್ನಾವಳಿ ಕೊಟ್ಟು ಕಳಿಸಿದ್ದರು. ಇಂಥ ಪ್ರಶ್ನಾವಳಿಗಳ ಹಿಂದೆ ಈಗ ದೊಡ್ಡ ದೊಡ್ಡ ಅಧ್ಯಯನಗಳಿವೆ. ವೃದ್ಧಾಪ್ಯವನ್ನು ಕುರಿತ ‘ಲಾಸಿ’ ಎಂಬ ರಾಷ್ಟ್ರೀಯ ಅಧ್ಯಯನವನ್ನು 2010ರಲ್ಲಿ ಪ್ರಾಯೋಗಿಕವಾಗಿ ನಡೆಸಿದ ನಾಲ್ಕು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2017-18ರ ಮೊದಲ ಸುತ್ತಿನಲ್ಲಿ ಮುಂಬಯಿಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯವರು ದೇಶದಾದ್ಯಂತ 45 ವರ್ಷ ದಾಟಿದ 72,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿದರು. 2021ರ ಜನವರಿಯಲ್ಲಿ ವರದಿ ಬಂದಾಗ, ಅರವತ್ತು ದಾಟಿದವರಲ್ಲಿ ನೂರಕ್ಕೆ 75 ಮಂದಿಗೆ ಒಂದಲ್ಲ ಒಂದು ದೀರ್ಘಕಾಲದ ಕಾಯಿಲೆ, 40 ಮಂದಿಗೆ ಒಂದಲ್ಲ ಒಂದು ಅಂಗವೈಕಲ್ಯ, 20 ಮಂದಿಗೆ ಮನಸ್ಸಿನ ತೊಂದರೆ ಎಂದು ಸರ್ಕಾರ ಹೇಳಿತು. ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು ಹತ್ತು ಸಾವಿರ ಜನರ ಗುರಿ ಇಟ್ಟುಕೊಂಡಿದ್ದಾರೆ. ಅದೇ ಜನರ ನೆನಪು, ರಕ್ತ, ನಡಿಗೆಗಳನ್ನು ಮತ್ತೆ ಮತ್ತೆ ಪರೀಕ್ಷಿಸಿ, ಮರೆವು ಯಾವಾಗ ಹೇಗೆ ಶುರುವಾಗುತ್ತದೆ ಎಂದು ಹುಡುಕುತ್ತಿದ್ದಾರೆ.

ಹುಡುಗಿಯ ಮೊದಲ ಪ್ರಶ್ನೆ ವಯಸ್ಸಿನದು. ಅಲ್ಲಿಯೇ ತೊಡಕಾಯಿತು. ಆಧಾರ್ ಕಾರ್ಡಿನಲ್ಲಿ ಅಮ್ಮಿ 1952ರ ಜನವರಿ 1ರಂದು ಹುಟ್ಟಿದ್ದಾರೆ. ನಮ್ಮ ಬೀದಿಯ ಅಜ್ಜ ಅಜ್ಜಿಯರಲ್ಲಿ ಅರ್ಧಕ್ಕರ್ಧ ಜನ ಜನವರಿ 1ರಂದೇ ಹುಟ್ಟಿದವರು. ಅಮ್ಮಿಯ ಲೆಕ್ಕ ಬೇರೆ: ಗಾಂಧಿ ತೀರಿಕೊಂಡಾಗ ತಾವು ತೊಟ್ಟಿಲಲ್ಲಿದ್ದರಂತೆ. ಅವರ ತವರು ಕೊಳ್ಳೇಗಾಲ. ಆಗ ಅದು ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, 1956ರವರೆಗೂ. ಯಳಂದೂರು ಮೈಸೂರಿನದು. ಹೆಣ್ಣುಮಗು ಯಾವ ಸೀಮೆಯಲ್ಲಿ ಹುಟ್ಟಿದರೂ ಬರೆದಿಡುವವರು ಇರಲಿಲ್ಲ.

ಬರೆದಿಟ್ಟ ಜಾಗವೂ ಒಂದಿತ್ತು, ಎರಡು ಗಂಟೆಯ ಬಸ್ಸಿನ ದೂರದಲ್ಲಿ. ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಫ್ತರಗಳಲ್ಲಿ ಬರೆದಿಟ್ಟರು. ಅಷ್ಟು ಹಳೆಯ ಪುಸ್ತಕಗಳನ್ನು ಕಸವೆಂದು ಎಸೆಯದೆ ಇಟ್ಟುಕೊಂಡವರಿಗೆ ಸಲಾಂ ಹೇಳಬೇಕು. 1990ರ ದಶಕದಲ್ಲಿ ಇಂಗ್ಲೆಂಡಿನ ಸಂಶೋಧಕರೂ ಇಲ್ಲಿಯವರೂ ಕೂಡಿ ಆ ಮಕ್ಕಳನ್ನು ಹುಡುಕಿಕೊಂಡು ಹೊರಟರು. 1934ರಿಂದ 1954ರ ನಡುವೆ ಹುಟ್ಟಿದ 517 ಮಂದಿ ಸಿಕ್ಕರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ, ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ 3 ಮಂದಿಗೆ. 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಇದು ಪ್ರಕಟವಾಯಿತು. ಆಮೇಲೆ ಅಲ್ಲಿ ಹುಟ್ಟಿದವರೇ ಮುಪ್ಪಿಗೆ ಬಂದಾಗ ಅವರ ನೆನಪಿನ ಶಕ್ತಿಯನ್ನೂ ಪರೀಕ್ಷಿಸಿದರು. ಅರವತ್ತಕ್ಕೆ ಶುರುವಾಗುತ್ತದೆ ಎಂದು ಗಾದೆ ಹೇಳಿದ್ದರ ಬೇರು ಬಸಿರಲ್ಲೂ ಇರಬಹುದೇ ಎಂದು ನೋಡುವ ಕೆಲಸ ಅದು. ಅಮ್ಮಿಯನ್ನಂತೂ ಯಾರೂ ತೂಗಿರಲಿಲ್ಲ. ನಾನಿಯವರು ಮುಂಜಾನೆಯಿಂದ ಗೂಡು ಬೇಯಿಸಿ ನೂಲು ಬಿಚ್ಚುತ್ತಿದ್ದರೆಂದೂ, ಹೆರಿಗೆಯ ಹಿಂದಿನ ದಿನದವರೆಗೆ ಚರಕದ ಮುಂದೆ ಕೂತಿದ್ದರೆಂದೂ ಕೇಳಿದ್ದೇವೆ. ತೂಕವನ್ನು ಅದರಿಂದ ಊಹಿಸಿಕೊಳ್ಳಬೇಕು.

ಅಮ್ಮಿಯೂ ನೂಲು ಬಿಚ್ಚಿದವರೇ. ಕುದಿಯುವ ನೀರಲ್ಲಿ ಕೈಯಿಟ್ಟು ಎಳೆ ಹುಡುಕಿ ಹುಡುಕಿ ಬೆರಳ ತುದಿಯ ಚರ್ಮ ಸುಲಿದು, ಮತ್ತೆ ಬೆಳೆದು, ಕೊನೆಗೆ ರೇಖೆಗಳೇ ಮಾಸಿವೆ. ಪಡಿತರದ ಅಂಗಡಿಯ ಯಂತ್ರ ಅವರ ಹೆಬ್ಬೆರಳನ್ನು ಇಂದಿಗೂ ಒಪ್ಪುವುದಿಲ್ಲ. ಹುಡುಗಿ ಕೈಹಿಡಿತದ ಬಲ ಅಳೆಯುವ ಒಂದು ಉಪಕರಣ ಕೊಟ್ಟಳು. ಅಮ್ಮಿ ಅದನ್ನು ಹಿಂಡಿದ ರೀತಿಗೆ ಅವಳೇ ಅಂಕಿಯನ್ನು ಎರಡು ಸಲ ನೋಡಿದಳು.

ಆಮೇಲೆ ನೆನಪಿನ ಪರೀಕ್ಷೆ. ಹತ್ತು ಪದ ಓದುತ್ತಾರೆ, ಕೇಳಿದವರು ತಿರುಗಿ ಹೇಳಬೇಕು. ಹುಡುಗಿ ಕಾಗದದ ಮೇಲೆ ಕಣ್ಣಿಟ್ಟು, ತಲೆ ತಗ್ಗಿಸಿ ಮೆಲ್ಲಗೆ ಓದಿದಳು. ಪಕ್ಕದಲ್ಲಿ ಟಿ.ವಿ. ನಡೆದಿತ್ತು. ಅಮ್ಮಿ ಎರಡು ಪದ ಹೇಳಿ ನಿಲ್ಲಿಸಿದರು. ನಾವು ಬಾಗಿಲಲ್ಲಿ ನಿಂತು ತಲೆಯಾಡಿಸಿದೆವು, ನೋಡಿದೆಯಾ ಎಂಬಂತೆ. ಮುಂದಿನದು ಓದುಬರಹವಿಲ್ಲದವರಿಗಾಗಿ ಮಾರ್ಪಡಿಸಿದ ಪ್ರಶ್ನೆ. ಪಶ್ಚಿಮದ ಮೂಲ ಪರೀಕ್ಷೆಯಲ್ಲಿ ‘ಕಣ್ಣು ಮುಚ್ಚಿ’ ಎಂದು ಬರೆದ ಚೀಟಿ ತೋರಿಸುತ್ತಾರೆ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಕೆಲಸ ಮಾಡಿದ ಮೇರಿ ಗಂಗೂಲಿ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಹಿಂದಿ ರೂಪದಲ್ಲಿ, ಕೇಳುವವರೇ ಕಣ್ಣು ಮುಚ್ಚಿ ‘ನಾನು ಮಾಡಿದಂತೆ ಮಾಡಿ’ ಎನ್ನುತ್ತಾರೆ. ಒಂದು ವಾಕ್ಯ ಬರೆಯಿರಿ ಎನ್ನುವ ಬದಲು, ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ ಎನ್ನುತ್ತಾರೆ. ಲಾಸಿಯ ಮರೆವಿನ ಅಧ್ಯಯನಕ್ಕಾಗಿ ಇಂಥವು ಕನ್ನಡಕ್ಕೂ ಉರ್ದುವಿಗೂ ಬಂದಿವೆ. (ಆ ಉರ್ದು ನಮ್ಮ ಅಮ್ಮಿಯ ದಖನಿಗೆ ಎಷ್ಟು ಹತ್ತಿರವೋ, ಅದು ಇನ್ನೊಂದು ಲೇಖನದ ವಿಷಯ.) ಹುಡುಗಿ ಕಣ್ಣು ಮುಚ್ಚಿದಳು, ಅಮ್ಮಿ ತಟ್ಟನೆ ಮುಚ್ಚಿದರು. ಅವಳು ಕೈ ಎತ್ತಿದಳು, ಅಮ್ಮಿ ಎತ್ತಿದರು. ಕಣ್ಣಿಗೆ ಕಂಡದ್ದೆಲ್ಲ ಸರಿ, ಬಾಯಿಂದ ಹೇಳಿದ್ದೆಲ್ಲ ತಪ್ಪು. ಈ ಲೆಕ್ಕ ನಮಗೆ ಆಗಲೂ ಹೊಳೆಯಲಿಲ್ಲ.

ಗೋಡೆಯಾಚೆಯ ಅಜ್ಜಿ ಇಷ್ಟು ಹೊತ್ತೂ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಅಮ್ಮಿಯ ಜೊತೆ ನೂಲು ಬಿಚ್ಚಿದವರು. ತಡೆಯಲಾರದೆ ಎದ್ದು ಬಂದರು. “ಏ ಮಗಾ, ಬೂಬಮ್ಮನ ಬಲಗಿವಿ ಕೇಳ್ಸಾಕಿಲ್ಲ ಕನವ್ವ. ಆ ಟೀವಿ ಆರ್ಸು. ಎಡಗಡೀಕ್ ಬಂದು ಎದ್ರುಗ್ ಕೂತ್ಕೊಂಡು ಹೇಳು.”

“ನಿಮಗೆ ಯಾವಾಗಿನಿಂದ ಗೊತ್ತು ಅಜ್ಜಿ?” ಎಂದು ನಾವು ಕೇಳಿದೆವು.

“ಅಯ್ಯೋ, ನಾಕೈದು ವರ್ಸ ಆಯ್ತು ಬುಡು. ನಿಮ್ಗ್ ಗೊತ್ತಿಲ್ವಾ?”

ಹುಡುಗಿ ಜಾಗ ಬದಲಿಸಿ, ಮುಖ ಎತ್ತಿ, ಇನ್ನೊಂದು ಪಟ್ಟಿಯನ್ನು ನಿಧಾನವಾಗಿ ಓದಿದಳು. ಅಮ್ಮಿ ಆರು ಪದ ಹೇಳಿದರು. ಅವಳು ಪೆನ್ನು ಹಿಡಿದು ಯೋಚಿಸಿದಳು. ಎರಡನೆಯ ಸಲದ ಅಂಕಿ ಬರೆಯಲು ಫಾರಂನಲ್ಲಿ ಕಾಲಂ ಇರಲಿಲ್ಲ.

ಆ ಸಂಜೆ ನಮಗೆ ಇನ್ನೊಂದು ವಿಷಯ ನೆನಪಾಯಿತು. 2022ರ ಮೇ ತಿಂಗಳಲ್ಲಿ ಧ್ವನಿವರ್ಧಕದ ಗಲಾಟೆ ಎದ್ದು ಸರ್ಕಾರದ ಸುತ್ತೋಲೆ ಬಂದಾಗ ಮಸೀದಿಯವರು ಮೈಕಿನ ಸದ್ದು ತಗ್ಗಿಸಿದ್ದರು. ಅಮ್ಮಿಯ ಪ್ರಶ್ನೆ ಶುರುವಾದದ್ದು ಅದರ ನಂತರ. ಅಲ್ಲಿಯವರೆಗೆ ಜೋರು ಮೈಕು ಅವರ ಕಿವಿಯ ಕೊರತೆಯನ್ನು ಮುಚ್ಚಿಟ್ಟಿತ್ತು. ಹೊತ್ತು ತಪ್ಪಬಾರದೆಂದು ಕೇಳುತ್ತಿದ್ದವರನ್ನು ನಾವು ಮರೆಗುಳಿ ಮಾಡಿಬಿಟ್ಟಿದ್ದೆವು.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾದದ್ದು. ದೇಶದ ಮೂಲೆಮೂಲೆಯಿಂದ ಜನ ಬರುವ ಈ ಜಾಗ ನಮಗೆ ತಿ. ನರಸೀಪುರದ ಮೇಲೆ ಹೋದರೆ ಎರಡು ಗಂಟೆಯ ದಾರಿ. ಮೊದಲು ಕಿವಿಯ ಗುಗ್ಗೆ ತೆಗೆದರು. ಆಮೇಲೆ ಸದ್ದು ಹೊಗದ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿದರು. ಅಲ್ಲಿಯವರು ಬಿಡಿಸಿ ಹೇಳಿದ ಮೇಲೆ ಎಷ್ಟೋ ಗಂಟು ಬಿಚ್ಚಿತು. ವಯಸ್ಸಿನಿಂದ ಕಿವಿ ಮಂದವಾಗುವಾಗ ಮೊದಲು ಹೋಗುವುದು ತೆಳುವಾದ, ಕೀರಲು ಸದ್ದುಗಳು. ಮಾತಿನಲ್ಲಿ ಸ, ತ, ಕ, ಫಗಳಂಥ ವ್ಯಂಜನಗಳು ಆ ಕಡೆಯವು. ಸ್ವರ ಕೇಳುತ್ತದೆ, ವ್ಯಂಜನ ಉದುರಿಹೋಗುತ್ತದೆ. ಯಾರೋ ಮಾತಾಡಿದ್ದು ಗೊತ್ತಾಗುತ್ತದೆ, ಏನು ಮಾತಾಡಿದರೆಂಬುದನ್ನು ಮುಖ ನೋಡಿ ಊಹಿಸಬೇಕು. ಕಿರುಚಿದರೆ ಸ್ವರವೇ ದೊಡ್ಡದಾಗುತ್ತದೆ. ಮಾಂಬಳ್ಳಿಯ ನೆಂಟರು ದುಃಖ ನುಂಗಿಕೊಂಡು ಒಂದು ಬಗೆಯ ಪೆಚ್ಚು ನಗೆಯಲ್ಲಿ ಸಾವಿನ ಸುದ್ದಿ ಹೇಳಿದ್ದರು. ಅಮ್ಮಿ ಆ ನಗೆಯನ್ನು ಓದಿಕೊಂಡು ಮುಬಾರಕ್ ಎಂದಿದ್ದರು.

ಕಿವಿಗೂ ಮರೆವಿಗೂ ನಂಟಿರುವುದನ್ನು ಈಗ ಸಂಶೋಧಕರು ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಮರೆವಿನ ಕಾಯಿಲೆಯ ಬಗ್ಗೆ ‘ಲ್ಯಾನ್ಸೆಟ್’ ನೇಮಿಸಿದ ಆಯೋಗ 2017ರಿಂದಲೂ ಶ್ರವಣದೋಷವನ್ನು ತಡೆಯಬಹುದಾದ ಕಾರಣಗಳಲ್ಲಿ ಎಣಿಸುತ್ತಿದೆ. 2024ರ ವರದಿಯಲ್ಲಿ ಇಂಥ 14 ಕಾರಣಗಳಿವೆ, ಬಾಲ್ಯದಲ್ಲಿ ಓದು ಸಿಗದಿರುವುದೂ ಒಂದು. ಅಮೆರಿಕೆಯಲ್ಲಿ 70ರಿಂದ 84 ವಯಸ್ಸಿನ 977 ಜನರ ಮೇಲೆ ಮೂರು ವರ್ಷ ಶ್ರವಣ ಸಾಧನದ ಪ್ರಯೋಗ ನಡೆದು 2023ರಲ್ಲಿ ಫಲಿತಾಂಶ ಬಂತು. ಎಲ್ಲರನ್ನೂ ಕೂಡಿಸಿ ನೋಡಿದರೆ ವ್ಯತ್ಯಾಸ ಕಾಣಲಿಲ್ಲ. ಮರೆವಿನ ಅಪಾಯ ಹೆಚ್ಚಿದ್ದವರ ಗುಂಪಿನಲ್ಲಿ ಮಾತ್ರ ಬುದ್ಧಿಶಕ್ತಿ ಇಳಿಯುವ ವೇಗ ಅರ್ಧದಷ್ಟು ತಗ್ಗಿತ್ತು. ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ ಏಳು ಮಂದಿಗಿಂತ ಹೆಚ್ಚು ಜನರಿಗೆ, ಅಂದರೆ ಸುಮಾರು 88 ಲಕ್ಷ ಮಂದಿಗೆ, ಮರೆವಿನ ಕಾಯಿಲೆ ಇದೆ ಎಂದು ಲಾಸಿಯವರ ಅಂದಾಜು. ಹೆಂಗಸರಲ್ಲಿ ಹೆಚ್ಚು, ಹಳ್ಳಿಗಳಲ್ಲಿ ಹೆಚ್ಚು.

ಅಮ್ಮಿಗೆ ಮರೆವೇ ಇಲ್ಲ ಎಂದು ಯಾರೂ ನಮಗೆ ಹೇಳಲಿಲ್ಲ. ಸ್ವಲ್ಪ ಇದೆ, ವಯಸ್ಸಿಗೆ ತಕ್ಕದ್ದೋ ಹೆಚ್ಚಿನದೋ ಎಂದು ಕಿವಿಗೆ ಸಾಧನ ಹಾಕಿ ಆರು ತಿಂಗಳ ನಂತರ ನೋಡೋಣ ಎಂದರು. ಕಡಿಮೆ ಆದಾಯದವರಿಗೆ ಕೇಂದ್ರ ಸರ್ಕಾರದ ಯೋಜನೆಗಳಲ್ಲಿ ಸಾಧನ ಉಚಿತವಾಗಿ ಸಿಗುತ್ತದೆ. ನಾವು ದುಡ್ಡು ಕೊಟ್ಟೆವು, ಕೊಡಬೇಕಾದದ್ದೇ. ಮೊದಲ ವಾರ ಅಮ್ಮಿಗೆ ಅದು ಹಿಂಸೆಯಾಯಿತು. ಚಮಚ ಬಿದ್ದರೆ ಬೆಚ್ಚುತ್ತಿದ್ದರು. ತೆಗೆದು ಅಡಿಕೆ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. ನಿಧಾನಕ್ಕೆ ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಹಾಕಿಕೊಳ್ಳಲು ಶುರುಮಾಡಿದರು. ಅಜಾನಿನ ಪ್ರಶ್ನೆ ನಿಂತಿತು. ಬ್ಯಾಟರಿ ಮುಗಿದ ದಿನ ಮಾತ್ರ ಕೇಳುತ್ತಾರೆ.

ಒಂದು ದಿನ ತಾವಾಗಿಯೇ ಮಾಂಬಳ್ಳಿಗೆ ಕರೆದುಕೊಂಡು ಹೋಗಿ ಎಂದರು. ಆ ದಿನ ನೆಂಟರು ಎದ್ದು ಹೋದದ್ದೇಕೆಂದು ಗೋಡೆಯಾಚೆಯ ಅಜ್ಜಿ ಅವರಿಗೆ ಹೇಳಿದ್ದರಂತೆ. ನಾವು ಹೇಳಿರಲಿಲ್ಲ. ನೆಂಟರ ಮನೆಯಲ್ಲಿ ಅಮ್ಮಿ ಆ ವಿಧವೆಯ ಎರಡೂ ಕೈ ಹಿಡಿದು ಬಹಳ ಹೊತ್ತು ಕೂತರು. “ನನಗೆ ಕೇಳಿಸಿರಲಿಲ್ಲ ಬೇಟಿ, ಮಾಫ್ ಮಾಡು” ಎಂದರು. ಇಬ್ಬರೂ ಅತ್ತರು. ನಾವು ಅಂಗಳಕ್ಕೆ ಬಂದು ನಿಂತೆವು.

ವಾಪಸು ಬರುವಾಗ ಆಟೋದಲ್ಲಿ ಅಮ್ಮಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

“ಚಾಬಿ ಯಾರ ಹತ್ತಿರ ಇದೆ?”

ನಮ್ಮಲ್ಲೊಬ್ಬರು ತಗ್ಗಿದ ದನಿಯಲ್ಲಿ, ಬಲಗಡೆಯಿಂದ, ಬೆಂಗಳೂರಿನಲ್ಲಿದೆ ಎಂದರು.

“ಶುಕ್ರವಾರ ಬರುವಾಗ ತರಲಿಕ್ಕೆ ಹೇಳಿ” ಎಂದರು ಅಮ್ಮಿ. “ಪಾಸ್‌ಬುಕ್ಕನ್ನೂ.”