ಎಣಿಕೆಗೆ ಬಾರದ ಪೆಟ್ಟುಗಳು

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ಕಾಲ್ಚೆಂಡಿನ ಆಟವನ್ನಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವವನನ್ನು ಎದುರಾಳಿಗಳು ಮೈಮೇಲೆ ಬಿದ್ದು ನೆಲಕ್ಕುರುಳಿಸುವ ಆಟವದು. ಮುಂಚೂಣಿಯ ಸಾಲಿನಲ್ಲಿ ನಿಲ್ಲುವವರಿಗಂತೂ ಓಟಕ್ಕಿಂತ ಘರ್ಷಣೆಯೇ ಮುಖ್ಯ ಕಾರ್ಯ. ಸರದಿ ಸರದಿಗೂ ಶಿರಸ್ತ್ರಾಣಕ್ಕೆ ಶಿರಸ್ತ್ರಾಣ ತಾಗುತ್ತಿರುತ್ತದೆ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಮೈಕ್ ವೆಬ್‌ಸ್ಟರ್ ಅಂತಹ ಸಾಲಿನ ನಟ್ಟನಡುವೆ ನಿಂತವರು. 1974ರಿಂದ ಮೊದಲ್ಗೊಂಡು 17 ಋತುಗಳ ಕಾಲ ವೃತ್ತಿಪರವಾಗಿ ಆಡಿ, ನಾಲ್ಕು ಬಾರಿ ಸೂಪರ್ ಬೌಲ್ ವಿಜಯದಲ್ಲಿ ಪಾಲ್ಗೊಂಡು, 1997ರಲ್ಲಿ ಆ ಕ್ರೀಡೆಯ ಕೀರ್ತಿಮಂದಿರವನ್ನು ಪ್ರವೇಶಿಸಿದರು. ಆದರೆ ಅಷ್ಟರಲ್ಲಾಗಲೇ ಅವರ ನೆನಪು ಕದಡಿಹೋಗಿತ್ತು. ಊರಿಗೇ ಬೇಕಾಗಿದ್ದ ವೀರ ತನ್ನ ವಾಹನದಲ್ಲಿಯೇ ರಾತ್ರಿಗಳನ್ನು ಕಳೆಯುವ ಸ್ಥಿತಿಗೆ ಇಳಿದಿದ್ದರು. 2002ರಲ್ಲಿ, 50ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಮೆದುಳನ್ನು ಪರೀಕ್ಷಿಸಿದ ನೈಜೀರಿಯಾ ಮೂಲದ ವೈದ್ಯ ಬೆನೆಟ್ ಒಮಾಲು ಅವರಿಗೆ ಅದು ಬರಿಗಣ್ಣಿಗೆ ಸಹಜವಾಗಿಯೇ ಕಂಡಿತು. ಸೂಕ್ಷ್ಮದರ್ಶಕದಡಿ ನೋಡಿದಾಗ ಮಾತ್ರ ಟೌ ಎಂಬ ಪ್ರೋಟೀನು ಗಂಟುಗಂಟಾಗಿ ಶೇಖರಗೊಂಡಿರುವುದು ತಿಳಿದುಬಂತು. ಈ ವ್ಯಾಧಿಯನ್ನು ಇಂದು ಸಿ.ಟಿ.ಇ. ಎಂದು ಕರೆಯುತ್ತಾರೆ. 2005ರಲ್ಲಿ ಒಮಾಲು ಮತ್ತು ಸಹೋದ್ಯೋಗಿಗಳ ಪ್ರಬಂಧ ಪ್ರಕಟವಾದಾಗ, ರಾಷ್ಟ್ರೀಯ ಫುಟ್‌ಬಾಲ್ ಲೀಗ್ 1994ರಲ್ಲಿ ನೇಮಿಸಿದ್ದ ಮೆದುಳಿನ ಗಾಯಗಳ ಸಮಿತಿಯ ಸದಸ್ಯರು ಅದನ್ನು ಹಿಂತೆಗೆದುಕೊಳ್ಳಬೇಕೆಂದು ಪತ್ರ ಬರೆದರು. ಆ ಸಮಿತಿಯ ಮೊದಲ ಅಧ್ಯಕ್ಷರು ಕೀಲುವಾತದ ತಜ್ಞರಾಗಿದ್ದರೆಂಬುದನ್ನು ಇಲ್ಲಿ ಹೇಳದೆ ಇರಲಾಗದು. ಮುಷ್ಟಿಯುದ್ಧದ ಮಲ್ಲರ ತಲೆಗೆ ಬೀಳುವ ಹೊಡೆತಗಳಿಂದ ಬುದ್ಧಿ ಮಂಕಾಗುವುದನ್ನು ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯರು 1928ರಲ್ಲಿಯೇ ಬರೆದಿಟ್ಟಿದ್ದರು. ಆದಕಾರಣ ಇದನ್ನು ಅಜ್ಞಾನವೆಂದು ಕರೆಯುವುದು ಕಷ್ಟ. ಆಟಕ್ಕೂ ಈ ವ್ಯಾಧಿಗೂ ಸಂಬಂಧವಿದೆಯೆಂದು ಲೀಗಿನ ಹಿರಿಯ ಅಧಿಕಾರಿಯೊಬ್ಬರು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಒಪ್ಪಿಕೊಂಡದ್ದು 2016ರಲ್ಲಿ.

ಶಿರಸ್ತ್ರಾಣವು ತಲೆಬುರುಡೆ ಒಡೆಯದಂತೆ ಕಾಯುತ್ತದೆ. ಬುರುಡೆಯೊಳಗಣ ದ್ರವದಲ್ಲಿರುವ ಮೆದುಳು ಓಲಾಡದಂತೆ ಕಾಯಲಾರದು. ಪ್ರಜ್ಞೆ ತಪ್ಪಿಸುವ ದೊಡ್ಡ ಹೊಡೆತವನ್ನು ಎಲ್ಲರೂ ಕಾಣುತ್ತಾರೆ, ವೈದ್ಯರು ಓಡಿಬರುತ್ತಾರೆ. ಆದರೆ ಯಾವ ಲಕ್ಷಣವನ್ನೂ ತೋರಗೊಡದ ಸಣ್ಣ ಹೊಡೆತಗಳು, ಅಭ್ಯಾಸದ ಮೈದಾನದಲ್ಲಿ ದಿನಂಪ್ರತಿ ಬೀಳುವಂಥವು, ಯಾರ ಎಣಿಕೆಗೂ ಬರುವುದಿಲ್ಲ. ಆಡಿದ ವರ್ಷಗಳು ಏರಿದಂತೆ ಅಪಾಯವೂ ಏರುತ್ತದೆಂದು ಬಾಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ಅವರೇ 2017ರಲ್ಲಿ ಪರೀಕ್ಷಿಸಿದ ಲೀಗಿನ 111 ಆಟಗಾರರ ಮೆದುಳುಗಳ ಪೈಕಿ 110ರಲ್ಲಿ ಈ ವ್ಯಾಧಿ ಕಂಡುಬಂತು. ಬದುಕಿದ್ದಾಗ ತೊಂದರೆ ಕಂಡವರ ಮನೆಯವರೇ ಹೆಚ್ಚಾಗಿ ಮೆದುಳನ್ನು ದಾನವಿತ್ತಿರುವುದರಿಂದ, ಈ ಅಂಕಿಯನ್ನು ಆಟಗಾರರೆಲ್ಲರಿಗೂ ಅನ್ವಯಿಸಲಾಗದು. ಖಚಿತ ನಿರ್ಣಯವೂ ಮರಣಾನಂತರವೇ ಸಾಧ್ಯ. ಹೀಗಾಗಿ ಜೀವಂತ ಆಟಗಾರನೊಬ್ಬ ತನ್ನ ಮರೆವನ್ನು, ತನ್ನ ಕೋಪವನ್ನು ಶಂಕಿಸುತ್ತಲೇ ದಿನ ನೂಕಬೇಕಾಗುತ್ತದೆ.

ಡೇವ್ ಡ್ಯೂರ್ಸನ್ ಅವರ ವೃತ್ತಾಂತವು ಇನ್ನೂ ವಿಚಾರಾರ್ಹವಾದುದು. ಷಿಕಾಗೋ ಬೇರ್ಸ್ ತಂಡದ ಈ ಆಟಗಾರರು ನಿವೃತ್ತರ ಅಂಗವೈಕಲ್ಯದ ಅರ್ಜಿಗಳನ್ನು ತೀರ್ಮಾನಿಸುವ ಮಂಡಳಿಯ ಸದಸ್ಯರಾಗಿದ್ದರು. 2007ರಲ್ಲಿ ಸೆನೆಟ್ ಸಮಿತಿಯ ಮುಂದೆ, ಮರೆವಿನ ರೋಗಕ್ಕೆ ತುತ್ತಾದ ತಮ್ಮ ತಂದೆ ವೃತ್ತಿಪರ ಆಟವನ್ನೇ ಆಡಿದವರಲ್ಲವೆಂದು ನೆನಪಿಸಿ, ಆಟದ ಮೇಲೆ ಹೊರಿಸುವ ದೋಷವನ್ನು ಶಂಕಿಸಿದ್ದರು. 2011ರಲ್ಲಿ ಆತ್ಮಹತ್ಯೆ ಮಾಡಿಕೊಂಡ ಅವರು, ತಮ್ಮ ಮೆದುಳನ್ನು ಸಂಶೋಧನೆಗೆ ಒಪ್ಪಿಸಬೇಕೆಂದು ಬರೆದಿಟ್ಟಿದ್ದರು. ಪರೀಕ್ಷೆಯಲ್ಲಿ ಸಿ.ಟಿ.ಇ. ದೃಢಪಟ್ಟಿತು.

2015ರಲ್ಲಿ ನ್ಯಾಯಾಲಯ ಒಪ್ಪಿದ ಪರಿಹಾರದ ಒಡಂಬಡಿಕೆಯ ಮೂಲಕ ನೂರು ಕೋಟಿ ಡಾಲರಿಗೂ ಮಿಗಿಲಾದ ಹಣ ಸಂದಾಯವಾಗಿದೆ. ಆದರೆ ಅಲ್ಲಿಯೂ ಕಪ್ಪುವರ್ಣದ ಆಟಗಾರರ ಬುದ್ಧಿಶಕ್ತಿ ಮೊದಲೇ ಕಡಿಮೆಯಿತ್ತೆಂದು ಭಾವಿಸಿ ಲೆಕ್ಕ ಹಾಕುವ ಪದ್ಧತಿಯಿತ್ತು! ಅದನ್ನು ಕೈಬಿಡುವುದಾಗಿ ಲೀಗ್ ಹೇಳಿದ್ದು 2021ರಲ್ಲಿ.

ಈ ಹಣವೆಲ್ಲ ಬರುವುದು ನೋಡುಗರಿಂದ. 2025ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಪಂದ್ಯವನ್ನು ಅಮೆರಿಕದಲ್ಲಿ ಹನ್ನೆರಡು ಕೋಟಿಗೂ ಹೆಚ್ಚು ಜನ ವೀಕ್ಷಿಸಿದರು. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು ಎಂಬ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ರೂಢಿಯುಳ್ಳವರಿಗೆ, ಮನೆಯಲ್ಲಿ ಕುಳಿತು ಚಪ್ಪಾಳೆ ತಟ್ಟುವವನ ಪಾಲು ಎಷ್ಟೆಂಬ ಪ್ರಶ್ನೆ ಏಳದಿರದು. ತಿಳಿದೂ ಆಡುವ ಪ್ರೌಢನಿಗೆ ಅದು ಅವನ ಆಯ್ಕೆಯೆನ್ನಬಹುದು. 2015ರಲ್ಲಿ ಕ್ರಿಸ್ ಬೋರ್ಲಂಡ್ ಒಂದೇ ಋತುವಿನ ಬಳಿಕ, 24ನೆಯ ವಯಸ್ಸಿನಲ್ಲಿ, ಇದೇ ಭಯದಿಂದ ಆಟವನ್ನು ತೊರೆದರು. ತೊರೆಯುವ ಸ್ವಾತಂತ್ರ್ಯ ಅವರಿಗಿತ್ತು. ಬಾಲಕನಿಗೆ ಅಂತಹ ಆಯ್ಕೆಯೆಲ್ಲಿ? ಅವನ ಪರವಾಗಿ ಸಹಿ ಹಾಕುವವರು ತಂದೆತಾಯಿಗಳು. 12 ವರ್ಷದೊಳಗಿನವರಿಗೆ ಉರುಳಿಸುವ ಆಟವನ್ನು ನಿಷೇಧಿಸುವ ಮಸೂದೆಯೊಂದು ಕ್ಯಾಲಿಫೋರ್ನಿಯಾದಲ್ಲಿ ಬಂತು. ತಾನು ಸಹಿ ಹಾಕುವುದಿಲ್ಲವೆಂದು ರಾಜ್ಯಪಾಲರು ತಿಳಿಸಿದ ಮೇಲೆ 2024ರ ಜನವರಿಯಲ್ಲಿ ಅದು ಬಿದ್ದುಹೋಯಿತು.

ಆಟ ಬದಲಾಗಲಾರದೆಂಬ ಮಾತು ಮಾತ್ರ ಇತಿಹಾಸಕ್ಕೆ ಒಪ್ಪುವುದಿಲ್ಲ. 1905ರಲ್ಲಿ ಮೈದಾನದ ಸಾವುಗಳು ಹೆಚ್ಚಿದಾಗ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿದರು. ಮರುವರ್ಷವೇ ಚೆಂಡನ್ನು ಮುಂದಕ್ಕೆ ಎಸೆಯುವ ನಿಯಮ ಬಂತು. ಇಂದು ಆಟದ ಕೇಂದ್ರವೇ ಆಗಿರುವುದು ಆ ಎಸೆತ. ಎದುರಾಳಿಯನ್ನು ಕೆಡವದೆ, ಸೊಂಟದ ಪಟ್ಟಿಯನ್ನು ಕಿತ್ತರೆ ಸಾಕೆನ್ನುವ ಫ್ಲ್ಯಾಗ್ ಫುಟ್‌ಬಾಲ್ 2028ರ ಒಲಿಂಪಿಕ್ಸ್‌ಗೆ ಸೇರಿದೆ. ಆ ನಿರ್ಣಯವಾದದ್ದು 2023ರ ಅಕ್ಟೋಬರಿನಲ್ಲಿ, ಮುಂಬಯಿಯ ಅಧಿವೇಶನದಲ್ಲಿ.

ಆದರೆ ಇದೆಲ್ಲಕ್ಕಿಂತ ಹೆಚ್ಚಿನದನ್ನು ಸದ್ದಿಲ್ಲದೆ ಮಾಡಿದವರು ಡಾರ್ಟ್‌ಮತ್ ಕಾಲೇಜಿನ ತರಬೇತುದಾರ ಬಡಿ ಟೀವನ್ಸ್. 2010ರಲ್ಲಿ ಅವರು ಅಭ್ಯಾಸದ ವೇಳೆ ಆಟಗಾರರು ಒಬ್ಬರನ್ನೊಬ್ಬರು ಉರುಳಿಸುವುದನ್ನೇ ನಿಲ್ಲಿಸಿದರು. ಬಳಿಕ ಕಾಲೇಜಿನ ವಿದ್ಯಾರ್ಥಿಗಳು ತಾನಾಗಿ ಓಡಾಡುವ ಯಂತ್ರದ ಗೊಂಬೆಯೊಂದನ್ನು ರೂಪಿಸಿದರು. ಹುಡುಗರು ಬಿದ್ದದ್ದು ಅದರ ಮೇಲೆ. ಹೀಗೆ ಅಭ್ಯಾಸ ಮಾಡಿದ ತಂಡ ಮೆತ್ತಗಾಗಲಿಲ್ಲ. 2015ರಲ್ಲಿಯೂ 2019ರಲ್ಲಿಯೂ 2021ರಲ್ಲಿಯೂ ಐವಿ ಲೀಗಿನ ಪ್ರಶಸ್ತಿಯಲ್ಲಿ ಪಾಲು ಪಡೆಯಿತು. 2016ರಲ್ಲಿ ಐವಿ ಲೀಗಿನ ಎಂಟೂ ತಂಡಗಳು ಋತುವಿನ ಅಭ್ಯಾಸಕ್ಕೆ ಅದೇ ಕಟ್ಟಳೆಯನ್ನು ಒಪ್ಪಿಕೊಂಡವು. ಟೀವನ್ಸ್ 2023ರಲ್ಲಿ, ಸೈಕಲ್ ಅಪಘಾತದಲ್ಲಿ ಆದ ಗಾಯಗಳಿಂದ ತೀರಿಕೊಂಡರು. ತಾರುಣ್ಯದಲ್ಲಿ ಅದೇ ಕಾಲೇಜಿಗಾಗಿ ಆಡಿದ್ದ ಅವರ ಮೆದುಳಿನಲ್ಲಿಯೂ ಸಿ.ಟಿ.ಇ. ಇತ್ತೆಂದು ಮನೆಯವರು 2024ರಲ್ಲಿ ತಿಳಿಸಿದರು.