ಹತ್ತರಲ್ಲಿ ಒಂದು

ಕಾಮರ್ಸ್ ಓದುವ ನನಗೆ ಒಂದು ಪಾಚಿಯ ಕೊಡು-ಕೊಳ್ಳುವ ಲೆಕ್ಕ ತುಂಬ ಹಿಡಿಸಿತು. ಸಿಹಿನೀರಿನ ಅನಬೀನಾವನ್ನು ನೀಲಿ-ಹಸಿರು ಪಾಚಿ ಎನ್ನುತ್ತಾರೆ. ನಿಜವಾಗಿ ಅದು ಮಣಿಸರದಂಥ ಬ್ಯಾಕ್ಟೀರಿಯಾ. ನೀರಿನಲ್ಲಿ ಸಾರಜನಕದ ಲವಣ ಕಡಿಮೆಯಾದರೆ ಸುಮಾರು 10 ಕೋಶಗಳಿಗೆ ಒಂದು ಹೆಟೆರೊಸಿಸ್ಟ್ ಆಗುತ್ತದೆ. ಗಾಳಿಯ ಸಾರಜನಕವನ್ನು ಹಿಡಿದಿಡುವ ಕಿಣ್ವ ಆಮ್ಲಜನಕ ತಗಲಿದರೆ ಕೆಡುತ್ತದೆ. ಅದಕ್ಕೇ ಆ ಕೋಶ ದಪ್ಪ ಗೋಡೆ ಕಟ್ಟಿಕೊಂಡು, ತಾನು ಆಮ್ಲಜನಕ ಬಿಡುವುದನ್ನೂ ನಿಲ್ಲಿಸುತ್ತದೆ. ಪಕ್ಕದವರಿಗೆ ಸಾರಜನಕ ಕೊಟ್ಟು ಸಕ್ಕರೆ ಪಡೆಯುತ್ತದೆ. ಆದರೆ ಅದು ಮತ್ತೆಂದೂ ವಿಭಜನೆಯಾಗದು.

ನಮ್ಮ ಭಾಯಿಜಾನ್ ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟು ಗ್ಯಾರೇಜ್ ಸೇರಿದರು. ನನ್ನ ಫೀಸು ಅಲ್ಲಿಂದ ಬರುತ್ತದೆ. ಕೋಶಕ್ಕೆ ಹಿಂದಿರುಗುವ ದಾರಿಯಿಲ್ಲ, ಮನುಷ್ಯರಿಗಿದೆ. ಖಾಸಗಿ ಅಭ್ಯರ್ಥಿಯಾಗಿ ಪಿಯುಸಿ ಪರೀಕ್ಷೆ ಕಟ್ಟಿ ಎಂದು ಅವರಿಗೆ ಹೇಳಿದ್ದೇನೆ. ಅಕೌಂಟೆನ್ಸಿ ನಾನೇ ಹೇಳಿಕೊಡುತ್ತೇನೆ.